ಪಡಸಾಲೆಯಲ್ಲಿ ಬಿಚ್ಚಿದ ಹಿಂಬದಿ ಶಾಕ್

ಕರಿಘಟ್ಟದಿಂದ ಇಳಿಯುವಾಗ ಒಂದು ಬೆಳಗ್ಗೆ ನನ್ನ ಮೌಂಟನ್ ಬೈಕಿನ, ಅಂದರೆ ಗುಡ್ಡ ಹತ್ತಿಳಿಯುವ ಸೈಕಲ್ಲಿನ, ಹಿಂಬದಿ ಶಾಕ್ (ಕುಲುಕಾಟ ನುಂಗುವ ಶಾಕ್ ಅಬ್ಸಾರ್ಬರ್) ಕೀಚಲು ದನಿಯಲ್ಲಿ ನರಳತೊಡಗಿತು. ಒತ್ತಿದರೆ ಮೊದಲು ಅಂಟಿಕೊಂಡು ನಿಲ್ಲುವುದು, ಆಮೇಲೆ ಒಮ್ಮೆಲೇ ಜಾರುವುದು. ಸಣ್ಣ ಕಲ್ಲುಗಳನ್ನು ತಾನೇ ನುಂಗಬೇಕಾದದ್ದು ಒಂದೊಂದನ್ನೂ ಸೀಟಿಗೆ ದಾಟಿಸುತ್ತಿತ್ತು. ಮಂಡ್ಯಕ್ಕೆ ಬಂದು ಶಾಫ್ಟಿನ, ಅಂದರೆ ಶಾಕಿನೊಳಗೆ ಜಾರುವ ನುಣುಪು ದಂಡದ ಮೇಲೆ ಬೆರಳಾಡಿಸಿದೆ. ಕಾಡಿಗೆಯಂಥ ಎಣ್ಣೆ ಹತ್ತಿತು, ಅದರೊಳಗೆ ನುಣ್ಣಗೆ ಅರೆದಂತಿದ್ದ ಕೆಂಪು ಮಣ್ಣು.

ನಾನು ಹೆಚ್ಚಾಗಿ ಓಡಿಸುವುದು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ. ರಜೆಯ ದಿನ ಕುಂತಿಬೆಟ್ಟದ ಕಡೆಗೋ ಕರಿಘಟ್ಟಕ್ಕೋ ಹೋಗುತ್ತೇನೆ. ಬೇಸಿಗೆಯಲ್ಲಿ ಏರಿಯ ದೂಳು ಹಿಟ್ಟಿನಂತೆ ಏಳುತ್ತದೆ. ನಾಲೆಗೆ ನೀರು ಬಿಟ್ಟ ಮೇಲೆ ಅದೇ ದಾರಿ ಅಲ್ಲಲ್ಲಿ ಗದ್ದೆಯಂತಾಗುತ್ತದೆ. ಎರಡೂ ಶಾಕಿಗೆ ಒಳ್ಳೆಯದಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದವನು ನಾನೇ. ಕೆಸರಾದಾಗಲೆಲ್ಲ ಬೈಕುಗಳಿಗೆ ವಾಟರ್ ಸರ್ವಿಸ್ ಮಾಡುವ ಕಡೆ ನಿಲ್ಲಿಸಿ, ರಭಸದ ನೀರು ಹೊಡೆಸುತ್ತಿದ್ದೆ. ಶಾಫ್ಟಿನ ಮಣ್ಣನ್ನು ಒರೆಸಿ ಹೊರಗಿಡಲೆಂದು ಇರುವ ವೈಪರ್ ಸೀಲಿನ ತುಟಿ ತೆಳ್ಳಗಿರುತ್ತದೆ. ಆ ಒತ್ತಡದ ನೀರು ಅದನ್ನು ಸರಿಸಿ ಮಣ್ಣನ್ನು ಒಳಕ್ಕೇ ತಳ್ಳುತ್ತದೆ. ಈಗ ಬಕೆಟ್ ನೀರು, ಬಟ್ಟೆ, ಮೆತ್ತನೆಯ ಬ್ರಷ್ ಇಷ್ಟೇ.

ಗಾಳಿಶಾಕ್ ಇರುವ ಸೈಕಲ್ ಕೊಂಡವರಲ್ಲಿ ಎಷ್ಟೋ ಮಂದಿಗೆ ಇದರ ಸರ್ವಿಸ್ ಅವಧಿಯೇ ತಿಳಿದಿರುವುದಿಲ್ಲ. ರಾಕ್‌ಶಾಕ್ಸ್ ಕಂಪನಿ ತನ್ನ ಡಿಲಕ್ಸ್ ಶಾಕ್‌ಗಳಿಗೆ ಹೇಳುವುದು ಗಾಳಿ ತುಂಬುವ ಹೊರಗಿನ ಗಾಳಿಡಬ್ಬಿಗೆ ಓಡಿಸಿದ 50 ಗಂಟೆಗೊಮ್ಮೆ, ಒಳಗಿನ ಎಣ್ಣೆಯ ಭಾಗವಾದ ಡ್ಯಾಂಪರಿಗೆ 200 ಗಂಟೆಗೊಮ್ಮೆ. ವಾರಕ್ಕೆ ನಾಲ್ಕು ಗಂಟೆ ಓಡಿಸುವವರಿಗೆ 50 ಗಂಟೆ ಮೂರೇ ತಿಂಗಳಿನಲ್ಲಿ ಮುಗಿಯುತ್ತದೆ. ನನ್ನದು ಎರಡು ವರ್ಷ ಬಿಚ್ಚದೇ ಓಡಿತ್ತು. ಪ್ರತಿ ಸಲ ಬೆಂಗಳೂರಿಗೆ ಕಳುಹಿಸಿ ವಾರಗಟ್ಟಲೆ ಸೈಕಲ್ ಇಲ್ಲದೆ ಕೂರುವುದು ನನ್ನಿಂದಾಗದು. ಮನೆಯಲ್ಲೇ ಮಾಡಲು ಕಲಿತೆ.

ಆದರೆ ಎಲ್ಲವನ್ನೂ ಅಲ್ಲ. ಶಾಕಿನಲ್ಲಿ ಎರಡು ಭಾಗಗಳಿವೆ. ಹೊರಗೆ ಕಾಣುವ ಗಾಳಿಡಬ್ಬಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಅದರೊಳಗಿನ ಡ್ಯಾಂಪರ್, ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ಹರಿಸಿ ವೇಗವನ್ನು ತಡೆಯುತ್ತದೆ. ಅದರ ಒಂದು ತುದಿಯಲ್ಲಿ ನೂರಾರು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ನೈಟ್ರೋಜನ್ ತುಂಬಿರುತ್ತದೆ. ಅದನ್ನು ಮನೆಯಲ್ಲಿ ಮುಟ್ಟಬಾರದು. ಒತ್ತಿದ ಶಾಕ್ ಮರಳುವ ವೇಗವನ್ನು ಹೊಂದಿಸುವ ರೀಬೌಂಡ್ ಗುಂಡಿಯನ್ನು ಎಷ್ಟು ತಿರುಗಿಸಿದರೂ ವ್ಯತ್ಯಾಸ ಕಾಣದಿದ್ದರೆ, ಒತ್ತಿದಾಗ ಒಳಗೆ ಗುಳುಗುಳು ಸದ್ದು ಬಂದರೆ ತೊಂದರೆ ಡ್ಯಾಂಪರಿನದು, ಸರ್ವಿಸ್ ಕೇಂದ್ರಕ್ಕೆ ಕಳುಹಿಸಲೇಬೇಕು. ನನ್ನ ಶಾಕಿನ ರೀಬೌಂಡ್ ಸರಿಯಾಗಿಯೇ ಇತ್ತು. ಗಾಳಿಡಬ್ಬಿಯಷ್ಟೇ ಕೊಳೆಯಾಗಿತ್ತು.

ಡಬ್ಬಿ ಬಿಚ್ಚುವ ಮೊದಲು ತಿಳಿದಿರಬೇಕಾದದ್ದು ಒಂದಿದೆ. ಅದನ್ನು ತಿಳಿಯದೆ ನಾನು ಕೈ ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದೆ. ಡಬ್ಬಿಯೊಳಗೆ ಎರಡು ಗಾಳಿಕೋಣೆಗಳಿವೆ. ಒಂದು ಶಾಕನ್ನು ಹಿಗ್ಗಿಸುವುದು, ಇನ್ನೊಂದು ಕುಗ್ಗಿಸುವುದು. ಎರಡನೆಯದಕ್ಕೆ ನೆಗೆಟಿವ್ ಕೋಣೆ ಎನ್ನುತ್ತಾರೆ. ಅದು ಎದುರಿನಿಂದ ಒತ್ತಿಕೊಂಡಿರುವುದರಿಂದಲೇ ಸಣ್ಣ ಕಲ್ಲಿಗೂ ಶಾಕ್ ಸಲೀಸಾಗಿ ಮಣಿಯುತ್ತದೆ. ವಾಲ್ವಿನಿಂದ ನಾವು ತುಂಬುವುದು ಮೊದಲನೆಯದಕ್ಕೆ ಮಾತ್ರ. ಡಬ್ಬಿಯ ಒಳಗೋಡೆಯಲ್ಲಿ ಒಂದು ಚಿಕ್ಕ ಗುಳಿ ಇರುತ್ತದೆ. ಪಿಸ್ಟನ್ ಸೀಲ್ ಅದನ್ನು ದಾಟುವ ಗಳಿಗೆಯಲ್ಲಿ ಮಾತ್ರ ಗಾಳಿ ಇತ್ತಿಂದತ್ತ ಹರಿದು ಎರಡೂ ಕಡೆ ಸಮವಾಗುತ್ತದೆ.

ಮೊದಲ ಸಲ ನಾನು ಶಾಕನ್ನು ಫ್ರೇಮಿನಿಂದ ಬಿಚ್ಚಿಕೊಂಡು, ಆಮೇಲೆ ವಾಲ್ವಿನ ಪಿನ್ ಒತ್ತಿ ಗಾಳಿಯನ್ನೆಲ್ಲ ಒಂದೇ ಸಲಕ್ಕೆ ಬಿಟ್ಟೆ. ಪಂಪಿನ ಮುಳ್ಳು ಸೊನ್ನೆ ತೋರಿಸಿತು. ನಿಶ್ಚಿಂತೆಯಿಂದ ವೈಸಿಗೆ ಕಚ್ಚಿಸಿ ತಿರುಗಿಸಲು ಹೊರಟಿದ್ದೆ. ನಮ್ಮ ತಂದೆ ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರು, ಆ ವೈಸ್ ಅವರದೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಇದರ ಉದ್ದ ಯಾಕಪ್ಪ ಕಡಿಮೆಯಾಗಿದೆ?" ಎಂದರು. ನಾನು ಗಾಳಿ ಹೋಯಿತಲ್ಲ ಎಂದೆ. "ಗಾಳಿ ಹೋದರೆ ಸಡಿಲವಾಗಬೇಕು. ಇದು ಎಳೆದರೂ ಬರುತ್ತಿಲ್ಲ. ಒಳಗೆ ಇನ್ನೂ ಒತ್ತಡ ಇದೆ, ಬಿಚ್ಚಬೇಡ" ಎಂದರು. ಮೌಂಟನ್ ಬೈಕಿನ ಶಾಕನ್ನು ಅವರು ಅಂದೇ ಮೊದಲು ಹತ್ತಿರದಿಂದ ನೋಡಿದ್ದು. ಆದರೂ ಅವರು ಹೇಳಿದ್ದೇ ಸರಿ. ನಾನು ರಭಸದಿಂದ ಗಾಳಿ ಬಿಟ್ಟದ್ದರಿಂದ ನೆಗೆಟಿವ್ ಕೋಣೆಯ ಗಾಳಿಗೆ ಹೊರಬರಲು ದಾರಿಯಾಗಿರಲಿಲ್ಲ. ಅದು ಶಾಕನ್ನು ಒಳಕ್ಕೆಳೆದುಕೊಂಡು ಕೂತಿತ್ತು. ಆ ಸ್ಥಿತಿಯಲ್ಲಿ ಥ್ರೆಡ್ ಬಿಟ್ಟಿದ್ದರೆ ಡಬ್ಬಿ ಗುಂಡಿನಂತೆ ಹಾರುತ್ತಿತ್ತು.

ಲೇಬಲಿನ ಮೇಲಿದ್ದ ಗರಿಷ್ಠ ಮಿತಿ ಮೀರದಂತೆ ಮತ್ತೆ ಗಾಳಿ ತುಂಬಿದೆ. ಶಾಕ್ ಮೆಲ್ಲಗೆ ಪೂರ್ತಿ ಉದ್ದಕ್ಕೆ ಬಂತು. ಹಾಗೆ ಬಾರದಿದ್ದರೆ ಬಿಚ್ಚುವ ಯೋಚನೆಯನ್ನೇ ಬಿಟ್ಟು ಸರ್ವಿಸಿಗೆ ಕಳುಹಿಸಬೇಕು. ಅಂದಿನಿಂದ ಶಾಕ್ ಫ್ರೇಮಿನಲ್ಲಿರುವಾಗಲೇ ಗಾಳಿ ಬಿಡುತ್ತೇನೆ. ಸ್ವಲ್ಪ ಬಿಡುವುದು, ಸೀಟನ್ನು ಒತ್ತಿ ಒತ್ತಿ ಹತ್ತು ಸಲ ಆಡಿಸುವುದು, ಮತ್ತೆ ಸ್ವಲ್ಪ ಬಿಡುವುದು. ಕೊನೆಗೆ ಕೈಯಿಂದ ಎಳೆದರೂ ಒತ್ತಿದರೂ ಶಾಕ್ ಸಡಿಲವಾಗಿ ಚಲಿಸಬೇಕು. ಬಿಚ್ಚುವಾಗ ಕೆಳಗಿನ ಕಿವಿಯೊಳಗೆ (ಬೋಲ್ಟ್ ಹೋಗುವ ತೂತು) ಒಂದು ಬಟ್ಟೆ ತೂರಿಸಿರುತ್ತೇನೆ. ಉಳಿದ ಗಾಳಿಗೆ ಡಬ್ಬಿ ಚಿಮ್ಮಿದರೂ ಅಲ್ಲೇ ತಡೆಯುತ್ತದೆ.

ಫ್ರೇಮಿನಿಂದ ಬಿಚ್ಚುವುದು ಎರಡು ಬೋಲ್ಟಿನ ಕೆಲಸ. ಬೋಲ್ಟ್ ಹೊರಬಂದೊಡನೆ ಹಿಂದಿನ ಚಕ್ರದ ತೋಳು ಜೋತುಬೀಳುತ್ತದೆ, ಮೊದಲೇ ಕಟ್ಟಿಟ್ಟಿರಬೇಕು. ಡಬ್ಬಿ ತಿರುಗಿಸಲು ಪಟ್ಟಿಯ ಸ್ಪ್ಯಾನರ್ ಬೇಕು ಎನ್ನುತ್ತಾರೆ. ಹಳೆಯ ಸೈಕಲ್ ಟ್ಯೂಬನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ ಎರಡೂ ಕೈಯಿಂದ ತಿರುಗಿಸಿದರೂ ಬರುತ್ತದೆ. ಗ್ರಿಪ್ ಪ್ಲೈಯರನ್ನು ಮಾತ್ರ ಹತ್ತಿರ ತರಬಾರದು. ವೈಸಿನ ಹಲ್ಲಿಗೂ ಶಾಕಿನ ಕಿವಿಗೂ ನಡುವೆ ಮರದ ತುಂಡುಗಳನ್ನಿಡುತ್ತೇನೆ.

ಡಬ್ಬಿ ಜಾರಿ ಬಂದಾಗ ಒಳಗೆ ಗ್ರೀಸ್ ಎಂಬುದೇ ಉಳಿದಿರಲಿಲ್ಲ. ಮಸಿ ಕೆಸರು ಅಷ್ಟೇ. ಒಂದೊಂದೇ ಸೀಲ್ ತೆಗೆದು, ತೆಗೆದ ಕ್ರಮದಲ್ಲಿಯೇ ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ ಮೊಬೈಲಿನಲ್ಲಿ ಚಿತ್ರ ತೆಗೆದೆ. ಹೊರಗಿನಿಂದ ವೈಪರ್, ಅದರ ಒಳಗೆ ಶಾಫ್ಟಿನ ಸೀಲ್, ಅದರ ಇಕ್ಕೆಲದಲ್ಲಿ ಬಿಳಿಯ ತೆಳು ಪಟ್ಟಿಗಳು, ಪಿಸ್ಟನ್ ಸುತ್ತ ಇನ್ನೊಂದು ಸೀಲ್. ಇವನ್ನು ಎಬ್ಬಿಸಲು ಸೂಜಿಯನ್ನಾಗಲಿ ಸ್ಕ್ರೂಡ್ರೈವರನ್ನಾಗಲಿ ಬಳಸಬೇಡಿ. ಸೀಲ್ ಕೂರುವ ತೋಡಿನಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಆಮೇಲೆ ಯಾವ ಹೊಸ ಸೀಲೂ ಗಾಳಿ ಹಿಡಿಯುವುದಿಲ್ಲ. ಬಿದಿರಿನ ಕಡ್ಡಿಯನ್ನು ಚೂಪು ಮಾಡಿಕೊಂಡೆ, ಚೆನ್ನಾಗಿ ಕೆಲಸಕ್ಕೆ ಬಂತು. ಶಾಫ್ಟಿನ ಮೇಲೆ ಉಗುರನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿದೆ. ಎಲ್ಲಿಯೂ ಉಗುರು ತಡೆಯಲಿಲ್ಲ, ಸಮಾಧಾನವಾಯಿತು.

ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಒರೆಸುವುದೇ. ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ತಾಳ್ಮೆ. ಪೆಟ್ರೋಲ್, ಸೀಮೆಎಣ್ಣೆ ಬೇಡ, ರಬ್ಬರ್ ಊದಿಕೊಳ್ಳಬಹುದು. ಹೊಸ ಸೀಲ್ ಕೂರಿಸುವ ಮೊದಲು ತೋಡನ್ನು ಬೆಳಕಿಗೆ ಹಿಡಿದು ಮರಳಿನ ಒಂದು ಕಣವೂ ಇಲ್ಲವೆಂದು ನೋಡಿಕೊಳ್ಳಿ. ನಾನು ಮೂರು ಸಲ ಒರೆಸಿದೆ, ಮೂರನೆಯ ಸಲವೂ ಬಟ್ಟೆಗೆ ಕೆಂಪು ಹತ್ತಿತ್ತು.

ಸೀಲಿನ ಬಗ್ಗೆ ಒಂದು ಮಾತು. ಹಣ ಉಳಿಸಲೆಂದು ಟ್ರ್ಯಾಕ್ಟರ್, ಜೆಸಿಬಿಗಳ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಗೆ ಹಳೆಯ ಸೀಲ್ ಹಿಡಿದುಕೊಂಡು ಹೋಗಿದ್ದೆ. ಅಂಗಡಿಯವರು ಅದನ್ನು ಬೆರಳುಗಳ ನಡುವೆ ಹೊರಳಿಸಿ, "ಸರ್, ಇದು ನಾಲ್ಕು ಮೂಲೆಯ ರಿಂಗ್. ನನ್ನ ಹತ್ತಿರ ಇರುವುದೆಲ್ಲ ದುಂಡನೆಯದು. ನಿಂತಿರುವ ಜಾಗಕ್ಕೆ ಅದು ಸಾಕು, ಆಡುವ ಜಾಗಕ್ಕೆ ನಿಲ್ಲುವುದಿಲ್ಲ" ಎಂದು ಸ್ಪಷ್ಟವಾಗಿ ಹೇಳಿದರು. ಆದರೂ ಒಂದನ್ನು ಕೇಳಿ ತಂದು ಹಾಕಿದೆ. ಮರುದಿನಕ್ಕೆ ನಲವತ್ತು ಪಿಎಸ್‌ಐ ಇಳಿದಿತ್ತು. ದುಂಡನೆಯ ಓ-ರಿಂಗ್ ಜಾರುವಾಗ ಉರುಳಿ ತಿರುಚಿಕೊಳ್ಳುತ್ತದೆ. ನಾಲ್ಕು ತುಟಿಗಳ ರಿಂಗ್ ಉರುಳದೆ ನಿಲ್ಲುತ್ತದೆ. ಎರಡನೆಯ ಸಲ ಆ ಶಾಕಿನದೇ ಸೀಲ್ ಕಿಟ್ ತರಿಸಿದೆ. ಇಲ್ಲಿ ಉಳಿತಾಯ ಮಾಡುವುದು ಸರಿಯಲ್ಲ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಗ್ರೀಸಿನ ವಿಷಯದಲ್ಲಿಯೂ ಹಾಗೆಯೇ. ವಾಹನಗಳ ಬೇರಿಂಗಿಗೆ ಹಾಕುವ ದಪ್ಪ ಗ್ರೀಸ್ ಒಳಗಿನ ಆ ಚಿಕ್ಕ ಗುಳಿಯನ್ನು ಮುಚ್ಚಿಬಿಟ್ಟರೆ ಎರಡು ಕೋಣೆಗಳ ಗಾಳಿ ಸಮವಾಗುವುದೇ ಇಲ್ಲ. ಸಸ್ಪೆನ್ಷನ್ನಿಗೆಂದೇ ಬರುವ ತೆಳು ಗ್ರೀಸನ್ನು ಸೀಲುಗಳ ಮೇಲೆ ಹೊಳಪು ಕಾಣುವಷ್ಟು ಸವರಿದರೆ ಸಾಕು. ಡಬ್ಬಿಯೊಳಗೆ ಹಾಕುವ ಎಣ್ಣೆ ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯುತ್ತೇನೆ. ಹೆಚ್ಚು ಸುರಿದರೆ ಗಾಳಿಗೆ ಜಾಗ ಕಡಿಮೆಯಾಗಿ ಕೊನೆಯ ಭಾಗದಲ್ಲಿ ಶಾಕ್ ಕಲ್ಲಿನಂತಾಗುತ್ತದೆ.

ಶಾಕ್ ಹೊರಗಿರುವಾಗಲೇ ಕಿವಿಗಳೊಳಗಿನ ಬುಷ್ (ಬೋಲ್ಟಿನ ಸುತ್ತಲಿನ ಬಳೆ) ನೋಡಿಬಿಡಿ. ಸೈಕಲ್ಲಿನ ಸೀಟು ಹಿಡಿದು ಮೆಲ್ಲಗೆ ಎತ್ತಿದಾಗ ಟಕ್ ಎನ್ನುತ್ತಿದ್ದರೆ ಬುಷ್ ಸವೆದಿದೆ. ತೋಳಿನ ಬೇರಿಂಗುಗಳನ್ನೂ ಬೆರಳಿನಿಂದ ತಿರುಗಿಸಿ ನೋಡಬಹುದು. ನನ್ನದರಲ್ಲಿ ಒಂದು ಕರಕರ ಎನ್ನುತ್ತಿತ್ತು, ಬದಲಿಸಿದೆ.

ಮತ್ತೆ ಗಾಳಿ ತುಂಬುವಾಗ ನಿಧಾನ ಮುಖ್ಯ. ಮೊದಲು ಐವತ್ತು ಪಿಎಸ್‌ಐ, ಹತ್ತು ಸಲ ಆಡಿಸು, ಮತ್ತೆ ಐವತ್ತು, ಮತ್ತೆ ಆಡಿಸು. ಪ್ರತಿ ಸಲವೂ ಮುಳ್ಳು ಸ್ವಲ್ಪ ಇಳಿಯುತ್ತದೆ. ಅದು ಸೋರಿಕೆಯಲ್ಲ, ಗಾಳಿ ನೆಗೆಟಿವ್ ಕೋಣೆಗೆ ಹೋದದ್ದು. ತೂಕವನ್ನು ಪೌಂಡಿಗೆ ತಿರುಗಿಸಿ ಅಷ್ಟೇ ಪಿಎಸ್‌ಐಯಿಂದ ಆರಂಭಿಸುವುದು ಒಂದು ರೂಢಿ. ನನ್ನ 74 ಕೆ.ಜಿ.ಗೆ 163. ಶೂ, ಹೆಲ್ಮೆಟ್, ನೀರಿನ ಚೀಲದೊಂದಿಗೆ ಗೋಡೆ ಹಿಡಿದು ಸೈಕಲ್ ಮೇಲೆ ಕುಳಿತು, ಶಾಫ್ಟಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಮೆಲ್ಲಗೆ ಇಳಿದು ಅಳೆದೆ. ನನ್ನ ಶಾಕಿನ ಚಲನೆ 50 ಮಿ.ಮೀ., ಕುಳಿತಾಗ ಮೈಭಾರಕ್ಕೆ ಅದರ ಶೇಕಡ 30 ಎಂದರೆ 15 ಮಿ.ಮೀ. ಕುಗ್ಗಬೇಕು. 172 ಪಿಎಸ್‌ಐಗೆ ಸರಿಹೋಯಿತು. ಪಂಪ್ ತೆಗೆಯುವಾಗ ಬರುವ ಬುಸ್ ಸದ್ದಿಗೆ ಹೆದರಬೇಡಿ, ಅದು ಕೊಳವೆಯೊಳಗಿನ ಗಾಳಿ. ಮತ್ತೆ ಪಂಪ್ ಜೋಡಿಸಿದಾಗ ಒತ್ತಡ ಕಡಿಮೆ ಕಾಣುವುದೂ ಶಾಕಿನ ಗಾಳಿ ಆ ಕೊಳವೆಗೆ ತುಂಬಿಕೊಳ್ಳುವುದರಿಂದಲೇ. ಆದ್ದರಿಂದ ಸೋರಿಕೆಯನ್ನು ಪಂಪಿನಿಂದ ಪರೀಕ್ಷಿಸದೆ, ಮರುದಿನ ಮತ್ತೆ ಕುಳಿತು 15 ಮಿ.ಮೀ. ಬರುತ್ತದೆಯೇ ಎಂದು ನೋಡಿದೆ. ಬಂತು.

ಆ ವಾರವೇ ಕರಿಘಟ್ಟಕ್ಕೆ ಹೋದೆ. ಅದೇ ಇಳಿಜಾರು, ಅದೇ ಕಲ್ಲುಗಳು. ಶಾಕ್ ಸದ್ದಿಲ್ಲದೆ ಆಡುತ್ತಿತ್ತು. ಟೈರು ನೆಲ ಬಿಡದೆ ಹಿಡಿದುಕೊಂಡಿರುವುದು ಕಾಲಿಗೇ ತಿಳಿಯುತ್ತಿತ್ತು. ಕೆಳಗಿಳಿದು ನೋಡಿದಾಗ ಉಂಗುರ 46 ಮಿ.ಮೀ.ಗೆ ಸರಿದಿತ್ತು. ಶಾಫ್ಟಿನ ಮೇಲೆ ಎಣ್ಣೆಯ ತೆಳುವಾದ ಗೆರೆಯೊಂದಿತ್ತು. ಮೊದಲ ಒಂದೆರಡು ಸಲ ಹೆಚ್ಚಿನ ಗ್ರೀಸ್ ಹೀಗೆ ಹೊರಬರುವುದು ಸಹಜ. ಒರೆಸಿದೆ. ಬಟ್ಟೆಗೆ ಈ ಸಲ ಕೆಂಪು ಹತ್ತಲಿಲ್ಲ.