ಮುತ್ಯಾನ ಸೆಲ್ಫಿ ಅಲುಗದೆ ಬರಲು ಮಾಡಿದ್ದು

ಕಲಬುರಗಿಯ ಶರಣಬಸವೇಶ್ವರ ಗುಡಿ ಮುಂದೆ ಮುತ್ಯಾ (ಅಜ್ಜ) ತೆಗೆದ ಸೆಲ್ಫಿಗಳಲ್ಲಿ ರುಮಾಲು ಅರ್ಧ, ಗದ್ದ ಪೂರ್ತಿ, ಕಣ್ಣು ಕೆಳಗೆ. ಗ್ಯಾಲರಿಯಲ್ಲಿ ಫೋಟೊಗಿಂತ ತುಂಡು ವಿಡಿಯೊಗಳೇ ಜಾಸ್ತಿ. ಫೋನು ಸ್ಯಾಮ್‌ಸಂಗ್.

ಸೆಲ್ಫಿ ಸ್ಟಿಕ್ ಕೆಲಸಕ್ಕೆ ಬರಲಿಲ್ಲ. ಕೋಲು ಉದ್ದವಾದಷ್ಟೂ ಕೈ ನಡುಕ ಹೆಚ್ಚು ಕಾಣುತ್ತದೆ. ವಾಲ್ಯೂಮ್ ಬಟನ್ ಒತ್ತಿದಾಗಲೂ ಫೋನು ಹೊರಳಿತು. ಬ್ಯೂಟಿ ಮೋಡ್ ಸುಕ್ಕು ಅಳಿಸಿತು, ಅಲುಗಾಟ ಹಾಗೇ ಉಳಿಯಿತು.

ಮೂಲ ಇರುವುದು ಹೆಬ್ಬೆರಳಲ್ಲಿ. ಒಣಗಿದ ಬೆರಳ ತುದಿಯನ್ನು ಟಚ್ ಸ್ಕ್ರೀನ್ ಸರಿಯಾಗಿ ಗುರುತಿಸದು, ಹಾಗಾಗಿ ಹಿರಿಯರು ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ವಿಡಿಯೊ ಶುರು. ಒತ್ತಿದ ಭಾರಕ್ಕೆ ಫೋನು ವಾಲಿ ತಲೆ ಚೌಕಟ್ಟಿನಾಚೆ. ಒತ್ತುವ ಕೆಲಸವನ್ನೇ ತಪ್ಪಿಸಬೇಕು.

ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ‘ಶೂಟಿಂಗ್ ಮೆಥಡ್ಸ್’ ತೆರೆದು ‘ಶೋ ಪಾಮ್’ ಆನ್ ಮಾಡಿ. ಅಂಗೈ ತೋರಿಸಿದರೆ ಫೋನು ಎಣಿಸಿ ತಾನೇ ಫೋಟೊ ತೆಗೆಯುತ್ತದೆ. ಮುಂದಿನ ಲೆನ್ಸನ್ನು ಮೊದಲು ಧೋತರದ ಒಣ ಅಂಚಿನಿಂದ ಒರೆಸಿ. ಎಣ್ಣೆ ಕೈ ತಾಗಿದ್ದರೆ ಮುಖ ಮಂಜಾಗಿ ಬರುತ್ತದೆ. ಫೋನು ಕಣ್ಣಿನ ಮಟ್ಟಕ್ಕಿರಲಿ, ಮೊಣಕೈ ತುಸು ಮಡಚಿರಲಿ. ಇನ್ನೊಂದು ಅಂಗೈಯನ್ನು ಬೆರಳು ಬಿಡಿಸಿ ಮುಖದ ಪಕ್ಕ ತೋರಿಸಿ, ಎಣಿಕೆ ಶುರುವಾದ ಕೂಡಲೇ ಕೆಳಗಿಳಿಸಿ. ಇಳಿಸುವುದು ಮರೆತರೆ ಪ್ರತಿ ಫೋಟೊದಲ್ಲೂ ಮುತ್ಯಾ ಆಶೀರ್ವಾದ ಮಾಡುತ್ತಿರುತ್ತಾನೆ!

ಕಣ್ಣು ಪರದೆ ಮೇಲೆ ಹೋಗದಿರಲು ಲೆನ್ಸಿನ ಪಕ್ಕದ ಅಂಚಿಗೆ ಸಣ್ಣ ಕೆಂಪು ಟಿಕಳಿ (ಬಿಂದಿ) ಅಂಟಿಸಿ. ಲೆನ್ಸಿಗೆ ತಾಗಬಾರದು. ‘ಮುತ್ಯಾ, ಟಿಕಳಿ ನೋಡು’ ಅಂದರೆ ಸಾಕು.

ಬಿಸಿಲು ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಬೆಳಕು ಮುಖಕ್ಕೆ ಓರೆಯಾಗಿ ಬೀಳುವಂತೆ ನಿಲ್ಲಿಸಿ. ಕಲಬುರಗಿ ಬಿಸಿಲಿಗೆ ನಡುಮಧ್ಯಾಹ್ನ ಬೇಡವೇ ಬೇಡ.