ಹಳೆಯ ಆಟೋಮ್ಯಾಟಿಕ್ ಕಾರು: ಮೊದಲು ಗೇರ್‌ಬಾಕ್ಸ್ ಆರಿಸಿ, ಆಮೇಲೆ ಕಾರು

ನಮ್ಮಕ್ಕನಿಗೆ ಎಡಗಾಲಿನ ಮಂಡಿ ನೋವು. ದಿನಾ ಬೆಂಗಳೂರಿನ ಯಲಹಂಕದಿಂದ ಮಾರತಹಳ್ಳಿಗೆ ಹೋಗಿ ಬರಬೇಕು. ಹೆಬ್ಬಾಳ ದಾಟುವಷ್ಟರಲ್ಲೇ ಕ್ಲಚ್ ತುಳಿದು ತುಳಿದು ಕಾಲು ಹಿಡಿದುಕೊಳ್ಳುತ್ತಿತ್ತು. "ಹಳೇದಾದ್ರೂ ಪರ್ವಾಗಿಲ್ಲ ಕಣೋ, ಒಂದು ಆಟೋಮ್ಯಾಟಿಕ್ ನೋಡು" ಅಂದಳು. ಏಳೆಂಟು ವರ್ಷ ಹಳೆಯ ಕಾರುಗಳನ್ನು ನೋಡುತ್ತಾ ಆರು ಭಾನುವಾರ ಸುತ್ತಿದೆವು. ಆ ಸುತ್ತಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾವ ಗೇರ್‌ಬಾಕ್ಸ್ ಅಂತ ಪತ್ತೆ ಮಾಡಿ

ಮಾರುವವರು "ಆಟೋಮ್ಯಾಟಿಕ್" ಅಂತ ಒಂದೇ ಪದ ಹೇಳುತ್ತಾರೆ. ಆ ಒಂದು ಪದದ ಹಿಂದೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ: ಟಾರ್ಕ್ ಕನ್ವರ್ಟರ್, ಸಿವಿಟಿ, ಎಎಂಟಿ, ಡಿಸಿಟಿ. ಒಂದೊಂದೂ ಹೇಗೆ ಕೆಲಸ ಮಾಡುತ್ತದೆ ಅಂತ ಮೂರನೇ ಹೆಜ್ಜೆಯಲ್ಲಿ ಹೇಳುತ್ತೇನೆ. ಕಾರಿನ ಹೆಸರು ಒಂದೇ ಇದ್ದರೂ ಒಳಗಿನ ಗೇರ್‌ಬಾಕ್ಸ್ ವರ್ಷಕ್ಕೆ ತಕ್ಕಂತೆ ಬದಲಾಗಿರುತ್ತದೆ. 2012ರ ಡಿಸೈರ್ ಆಟೋಮ್ಯಾಟಿಕ್‌ನಲ್ಲಿ ಇದ್ದದ್ದು 4 ಸ್ಪೀಡಿನ (ಅಂದರೆ ನಾಲ್ಕು ಗೇರಿನ) ಟಾರ್ಕ್ ಕನ್ವರ್ಟರ್, 2017ರ ಡಿಸೈರ್‌ನಲ್ಲಿ ಎಎಂಟಿ. ಹೋಂಡಾ ಅಮೇಜ್ 2013ರಲ್ಲಿ ಟಾರ್ಕ್ ಕನ್ವರ್ಟರ್ ಜೊತೆ ಬಂತು, 2016ರಲ್ಲಿ ಸಿವಿಟಿಗೆ ಬದಲಾಯಿತು. ಹುಂಡೈ ಐ20 ಅಂತೂ ಮೊದಲು ಟಾರ್ಕ್ ಕನ್ವರ್ಟರ್, 2018ರಲ್ಲಿ ಸಿವಿಟಿ, 2020ರ ಟರ್ಬೊದಲ್ಲಿ ಡಿಸಿಟಿ. ಹಾಗಾಗಿ ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿ. ವೇರಿಯಂಟ್ ಹೆಸರು ಬರೆದುಕೊಳ್ಳಿ. ಆಮೇಲೆ ಆ ವರ್ಷದ ಆ ವೇರಿಯಂಟ್‌ನಲ್ಲಿ ಯಾವುದಿತ್ತು ಅಂತ ಹುಡುಕಿ.

ಗೇರ್ ಲಿವರ್ ನೋಡಿಯೂ ಸ್ವಲ್ಪ ಊಹಿಸಬಹುದು. ಆರಂಭದ ಎಎಂಟಿ ಕಾರುಗಳಲ್ಲಿ "ಪಿ" (ಪಾರ್ಕಿಂಗ್) ಅನ್ನುವ ಜಾಗವೇ ಇರುವುದಿಲ್ಲ. ನಿಲ್ಲಿಸುವಾಗ ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು.

ಎರಡನೇ ಹೆಜ್ಜೆ: ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

ನಮ್ಮ ಊರಿನಲ್ಲಿ ಕಾರು ಕೊಳ್ಳುವವರು ಇದನ್ನು ಮರೆಯಲೇಬಾರದು. ಗಂಟೆಗೆ ಸರಾಸರಿ 50 ಕಿ.ಮೀ. ವೇಗದಲ್ಲಿ ಹೈವೇಯಲ್ಲೇ 40,000 ಕಿ.ಮೀ. ಓಡಿದ ಕಾರು ದುಡಿದದ್ದು 800 ಗಂಟೆ. ಅಷ್ಟೇ ದೂರವನ್ನು ಸರಾಸರಿ 15 ಕಿ.ಮೀ. ವೇಗದಲ್ಲಿ ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ ಕಡೆಯ ಟ್ರಾಫಿಕ್‌ನಲ್ಲಿ ತೆವಳಿದ ಕಾರು ದುಡಿದದ್ದು 2,600 ಗಂಟೆಗೂ ಜಾಸ್ತಿ. ಮೀಟರ್ ಎರಡರಲ್ಲೂ ಒಂದೇ ಸಂಖ್ಯೆ ತೋರಿಸುತ್ತದೆ. ಗೇರ್‌ಬಾಕ್ಸ್ ಪಟ್ಟ ಪಾಡು ಒಂದೇ ಅಲ್ಲ.

ಹಾಗಾಗಿ ಮಾಲೀಕರನ್ನು ಕೇಳಿ: ಆಫೀಸು ಎಲ್ಲಿತ್ತು? ಎಷ್ಟು ಗಂಟೆಗೆ ಹೊರಡುತ್ತಿದ್ದಿರಿ? ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಬರುತ್ತಿದ್ದ 70,000 ಕಿ.ಮೀ. ಕಾರು, ಔಟರ್ ರಿಂಗ್ ರೋಡಿನಲ್ಲೇ ಸವೆದ 35,000 ಕಿ.ಮೀ. ಕಾರಿಗಿಂತ ಎಷ್ಟೋ ಮೇಲು.

ಮೂರನೇ ಹೆಜ್ಜೆ: ನಿಮ್ಮ ದಾರಿಗೆ ಯಾವುದು ತಾಳುತ್ತದೆ?

ಟಾರ್ಕ್ ಕನ್ವರ್ಟರ್‌ನಲ್ಲಿ ಇಂಜಿನ್ ಶಕ್ತಿ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟುತ್ತದೆ. ಕಾರು ತೆವಳುವಾಗ ಉಜ್ಜಿ ಸವೆಯಲು ಅಲ್ಲಿ ಕ್ಲಚ್ ಪ್ಲೇಟ್ ಇಲ್ಲ, ಆಯಿಲ್ ಅಷ್ಟೇ ಜಾರುತ್ತದೆ. ಅದಕ್ಕೇ ಇದು ಬೆಂಗಳೂರಿನ ಟ್ರಾಫಿಕ್ಕನ್ನು ಚೆನ್ನಾಗಿ ತಾಳುತ್ತದೆ. ಹಳೆಯ 4 ಸ್ಪೀಡಿನವು ಸ್ವಲ್ಪ ಮಂದ, ಪೆಟ್ರೋಲೂ ಜಾಸ್ತಿ ಕುಡಿಯುತ್ತವೆ. ಆದರೂ ವಾರಂಟಿ ಮುಗಿದ ಕಾರು ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ದೊಡ್ಡ ಕಾರು ಬೇಕಿದ್ದರೆ 2016ರಿಂದ ಬಂದ ಇನ್ನೋವಾ ಕ್ರಿಸ್ಟಾ, 2015ರಿಂದ ಬಂದ ಕ್ರೆಟಾ ಡೀಸೆಲ್‌ಗಳ 6 ಸ್ಪೀಡ್ ಆಟೋಮ್ಯಾಟಿಕ್‌ಗಳೂ ಇದೇ ಜಾತಿಯವು.

ಸಿವಿಟಿಯಲ್ಲಿ ಗೇರ್‌ಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟ್. 2014ರ ಹೋಂಡಾ ಸಿಟಿ, 2015ರ ಜಾಜ್, 2022ಕ್ಕೆ ಮುಂಚಿನ ಬಲೆನೊ ಆಟೋಮ್ಯಾಟಿಕ್ ಎಲ್ಲ ಈ ಥರದವು. ಓಡಿಸಲು ಬೆಣ್ಣೆಯಂತಿರುತ್ತವೆ. ಜೋರಾಗಿ ತುಳಿದರೆ ಇಂಜಿನ್ ಕೂಗುತ್ತದೆ, ಕಾರು ನಿಧಾನಕ್ಕೆ ಹಿಂದಿನಿಂದ ಬರುತ್ತದೆ. ಅದು ದೋಷವಲ್ಲ, ಅದರ ಸ್ವಭಾವ. ಇದರ ಜೀವ ಇರುವುದು ಆಯಿಲ್‌ನಲ್ಲಿ. ಸಿವಿಟಿಗೆ ಅಂತಲೇ ಬರುವ ಆಯಿಲ್ ಹಾಕಬೇಕು, ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಿರಬೇಕು. ಸರ್ವಿಸ್ ಬಿಲ್‌ನಲ್ಲಿ ಆ ಸಾಲು ಇಲ್ಲದಿದ್ದರೆ, ಕಾರು ಎಷ್ಟೇ ಹೊಳೆಯುತ್ತಿರಲಿ, ನಾನು ಮುಂದಿನ ಕಾರಿಗೆ ಹೋಗುತ್ತೇನೆ.

ಎಎಂಟಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕಡಿಮೆ ಬೆಲೆಯ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಪದೇ ಪದೇ ಸಿಗುವುದು ಇದೇ. 2014ರಲ್ಲಿ ಸೆಲೆರಿಯೊ ಇದನ್ನು ನಮ್ಮ ದೇಶಕ್ಕೆ ತಂದಿತು. ಆಮೇಲೆ ಆಲ್ಟೊ ಕೆ10, ವ್ಯಾಗನ್ ಆರ್, ಕ್ವಿಡ್, ಟಿಯಾಗೊ ಎಲ್ಲವಕ್ಕೂ ಬಂತು. ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅಂದರೆ ಕ್ಲಚ್ ಪ್ಲೇಟ್ ಇದೆ, ಅದು ಸವೆಯುತ್ತದೆ. ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರ್‌ನಲ್ಲೇ ಕಾರು ನಿಲ್ಲಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಅಂಥವರ ಕೈಯಲ್ಲಿ ಕ್ಲಚ್ ಬೇಗ ಸುಡುತ್ತದೆ. ನಾನೇ ಹಿಂದೆ ಒಂದು ಎಎಂಟಿ ಕೊಂಡಿದ್ದೆ. ಸಪಾಟು ರಸ್ತೆಯಲ್ಲಿ ಎರಡು ರೌಂಡು ಹೊಡೆದು ಒಪ್ಪಿಕೊಂಡಿದ್ದೆ. ಮೂರನೇ ವಾರ ಹೆಬ್ಬಾಳ ಮೇಲ್ಸೇತುವೆ ಏರುವಾಗ ಸುಟ್ಟ ವಾಸನೆ ಬಂದು ಕಾರು ನಿಂತೇಹೋಯಿತು. ಹಿಂದೆ ಸಾಲುಗಟ್ಟಿದ ಹಾರ್ನ್ ಸದ್ದು ಇನ್ನೂ ಕಿವಿಯಲ್ಲಿದೆ. ಹಾಗಂತ ಎಎಂಟಿ ಬೇಡ ಅನ್ನುವುದಿಲ್ಲ. ರಿಪೇರಿ ಗೊತ್ತಿರುವವರು ಸುಲಭವಾಗಿ ಸಿಗುತ್ತಾರೆ, ಮೈಲೇಜೂ ಚೆನ್ನಾಗಿದೆ. ಹೊಸ ಕ್ಲಚ್‌ನ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ.

ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು ಬೆಸ ಗೇರ್‌ಗಳಿಗೆ, ಇನ್ನೊಂದು ಸಮ ಗೇರ್‌ಗಳಿಗೆ. ಖಾಲಿ ರಸ್ತೆಯಲ್ಲಿ ಇದರಷ್ಟು ಚುರುಕು ಯಾವುದೂ ಇಲ್ಲ. 2013ರ ಪೊಲೊ ಜಿಟಿ ಟಿಎಸ್‌ಐ ಓಡಿಸಿದವರಿಗೆ ಆ ಖುಷಿ ಗೊತ್ತು. ಆದರೆ ಅದರದ್ದು ಆಯಿಲ್‌ನಲ್ಲಿ ಮುಳುಗಿರದ ಒಣ ಕ್ಲಚ್. ಹೆಜ್ಜೆ ಹೆಜ್ಜೆಗೂ ನಿಲ್ಲುವ ಟ್ರಾಫಿಕ್‌ನಲ್ಲಿ ಒಣ ಕ್ಲಚ್ ಬಿಸಿಯಾಗುತ್ತದೆ. ಗೇರ್ ಬದಲಿಸುವ ಮೆಕಾಟ್ರಾನಿಕ್ ಘಟಕ ಕೆಟ್ಟರಂತೂ ಖರ್ಚು ತುಂಬಾ ದೊಡ್ಡದು. ವಾರಂಟಿ ಇಲ್ಲದ ಒಣ ಕ್ಲಚ್‌ನ ಡಿಸಿಟಿಯನ್ನು ಅಕ್ಕನ ದಾರಿಗೆ ನಾನು ಬೇಡವೇ ಬೇಡ ಅಂದೆ.

ನಾಲ್ಕನೇ ಹೆಜ್ಜೆ: ಟೆಸ್ಟ್ ಡ್ರೈವ್

ಬೆಳಿಗ್ಗೆ ಬೇಗ ಹೋಗಿ. ಇಂಜಿನ್ ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಯಾಕೆ ಅಂತ ಕೇಳಿ. ಕೆಲವು ಗೇರ್‌ಬಾಕ್ಸ್‌ಗಳ ತೊಂದರೆ ತಣ್ಣಗಿದ್ದಾಗ ಮಾತ್ರ ಕಾಣುತ್ತದೆ.

ಬ್ರೇಕ್ ಒತ್ತಿಕೊಂಡು ಡಿ (ಮುಂದಕ್ಕೆ), ಆರ್ (ರಿವರ್ಸ್) ಎರಡಕ್ಕೂ ಹಾಕಿ ನೋಡಿ. ಹಾಕಿ ಒಂದೆರಡು ಸೆಕೆಂಡಿನಲ್ಲಿ ಗೇರ್ ಹಿಡಿಯಬೇಕು. ತಡವಾದರೆ, ಅಥವಾ ದಡ್ ಅಂತ ಬಡಿದರೆ ಅನುಮಾನಿಸಿ. ಆಮೇಲೆ 20ರಿಂದ 40 ಕಿ.ಮೀ. ವೇಗದಲ್ಲಿ ಹಗುರವಾಗಿ ತುಳಿಯುತ್ತಾ ಹೋಗಿ. ಸಿವಿಟಿಯ ನಡುಕ ಅಲ್ಲೇ ಸಿಕ್ಕಿಬೀಳುತ್ತದೆ. ಎಎಂಟಿಯಲ್ಲಿ ಒಂದರಿಂದ ಎರಡನೇ ಗೇರ್‌ಗೆ ಹೋಗುವಾಗ ತಲೆ ತೂಗುವುದು ಸಹಜ. ಇಂಜಿನ್ ಕೂಗಿದರೂ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ.

ಇಷ್ಟಕ್ಕೇ ನಿಲ್ಲಿಸಬೇಡಿ. ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಸಿಕ್ಕರೆ ಅದರ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿ, ರಿವರ್ಸ್‌ನಲ್ಲೂ ಹತ್ತಿಸಿ. ಆಮೇಲೆ ಅರ್ಧ ಗಂಟೆ ನಿಜವಾದ ಟ್ರಾಫಿಕ್‌ನಲ್ಲಿ ಓಡಿಸಿ. ಬಿಸಿಯಾದ ಮೇಲೆ ಗೇರ್‌ಬಾಕ್ಸ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೇ ನಿಮಗೆ ಬೇಕಾದ ಉತ್ತರ. ಅರ್ಧ ಗಂಟೆ ಕೊಡಲು ಒಪ್ಪದ ಮಾರಾಟಗಾರರನ್ನು ಬಿಟ್ಟುಬಿಡಿ.

ಐದನೇ ಹೆಜ್ಜೆ: ನೀರು ಮತ್ತು ಆಯಿಲ್

2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದವು. ನೀರಿಗೆ ಬಿದ್ದ ಆಟೋಮ್ಯಾಟಿಕ್ ಕಾರಿನ ಕಂಪ್ಯೂಟರ್, ಸೆನ್ಸರ್‌ಗಳು ತಿಂಗಳುಗಳ ಮೇಲೆ ಕೈಕೊಡಬಹುದು. ಇನ್ಶೂರೆನ್ಸ್ ಕ್ಲೇಮ್ ವಿವರ ಕೇಳಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ, ಸೀಟಿನ ಕೆಳಗಿನ ಬೋಲ್ಟ್‌ಗಳಲ್ಲಿ ತುಕ್ಕು ಇದೆಯೇ ನೋಡಿ. ಮೆಕ್ಯಾನಿಕ್ ಜೊತೆ ಹೋದರೆ ಗೇರ್‌ಬಾಕ್ಸ್ ಆಯಿಲ್ ಒಂದು ಚಮಚದಷ್ಟು ತೆಗೆಸಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಸವೆದಿದೆ. ಹಾಲು ಬೆರೆತ ಕಾಫಿ ಬಣ್ಣವಿದ್ದರೆ ನೀರು ಸೇರಿದೆ. ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್‌ನ ಎರರ್ ಕೋಡ್ ಓದಿಸುವುದನ್ನೂ ಮರೆಯಬೇಡಿ.

ಅಕ್ಕ ಕೊನೆಗೆ ತೆಗೆದುಕೊಂಡದ್ದು 4 ಸ್ಪೀಡಿನ ಹಳೆಯ ಟಾರ್ಕ್ ಕನ್ವರ್ಟರ್ ಕಾರು, ನಿವೃತ್ತ ಮೇಷ್ಟ್ರೊಬ್ಬರದ್ದು. ಅವರು ಪ್ರತಿ ಸರ್ವಿಸ್ ಬಿಲ್ಲನ್ನೂ ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಆರ್‌ಸಿ ಹೆಸರು ಬದಲಾದ ವಾರವೇ ಗೇರ್‌ಬಾಕ್ಸ್ ಆಯಿಲ್ ಬದಲಿಸಿ, ಆ ಬಿಲ್ಲನ್ನೂ ಅದೇ ಫೈಲಿಗೆ ಸೇರಿಸಿದೆವು.