ಸಂಶೋಧನಾ ವಿಭಾಗ ಎಷ್ಟು ನೆರವಾಗುತ್ತಿದೆ? ಕಡತದ ತಾರೀಖು ಹೇಳುತ್ತದೆ

ಪ್ರಾಧ್ಯಾಪಕರಿಗೆ ಪ್ರಶ್ನಾವಳಿ ಹಂಚಿ ಐದಕ್ಕೆ ಎಷ್ಟು ಅಂಕ ಎಂದು ಕೇಳಿದರೆ ಸಿಗುವುದು ಆ ವಾರದ ಸಿಟ್ಟೋ ಸ್ನೇಹವೋ ಅಷ್ಟೇ. ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಕೆಲಸ ಅಳೆಯಬೇಕಾದರೆ ಕಡತಗಳನ್ನೇ ಬಿಚ್ಚಬೇಕು.

ಕಳೆದ ಹಣಕಾಸು ವರ್ಷದ 20 ಕಡತ ಸಾಕು: ಅನುದಾನದ ಅರ್ಜಿ, ಖರೀದಿ, ಶಿಷ್ಯವೇತನದ ಬಿಲ್ಲು, ಹಣ ಬಳಕೆ ಪ್ರಮಾಣಪತ್ರ, ಒಂದೊಂದು ಬಗೆಯಲ್ಲಿ ಐದು. ಆಯ್ಕೆ ವಿಭಾಗದವರಿಗೆ ಬಿಟ್ಟರೆ ಚೊಕ್ಕ ಕಡತಗಳೇ ಮೇಜಿಗೆ ಬರುತ್ತವೆ. ಆವಕ ವಹಿ ತರಿಸಿ, ಪ್ರತಿ ಹತ್ತನೆಯ ನಮೂದು ನೀವೇ ಗುರುತಿಸಿ. ಮುಗಿಯದೆ ಬಿದ್ದ ಕಡತವನ್ನು ಕೈಬಿಡಬೇಡಿ, ರೋಗ ಇರುವುದು ಅಲ್ಲೇ. ಹಣಕಾಸು ವರ್ಷ ಮುಗಿಯುವ ಮಾರ್ಚ್‌ನಲ್ಲಂತೂ ಈ ಕೆಲಸಕ್ಕೆ ಇಳಿಯಬೇಡಿ.

ಪ್ರತಿ ಕಡತಕ್ಕೆ ಒಂದು ಸಾಲು: ಯೋಜನಾ ಮುಖ್ಯಸ್ಥರು ಕೊಟ್ಟ ದಿನ, ವಿಭಾಗ ಟಿಪ್ಪಣಿ ಬರೆದ ದಿನ, ಹಣಕಾಸು ಅಧಿಕಾರಿ ಮತ್ತು ಕುಲಸಚಿವರ ಸಹಿಯ ದಿನ, ಸಾಮಾನು ಅಥವಾ ಹಣ ಕೈಸೇರಿದ ದಿನ. 40 ದಿನದಲ್ಲಿ 25 ದಿನ ಹಣಕಾಸು ಶಾಖೆಯಲ್ಲಿ ಕಳೆದಿದ್ದರೆ ಅದು ಸಂಶೋಧನಾ ವಿಭಾಗದ ತಪ್ಪಲ್ಲ. ಆದರೆ ಆ 25 ದಿನದಲ್ಲಿ ಅವರು ಒಮ್ಮೆಯಾದರೂ ನೆನಪೋಲೆ ಕಳಿಸಿದ್ದಾರೆಯೇ, ನೋಡಿ. ಸರಾಸರಿ ತೆಗೆಯುವ ಬದಲು ದಿನಗಳನ್ನು ಏರಿಕೆಯಲ್ಲಿ ಬರೆದು ನಡುವಿನ ಸಂಖ್ಯೆ ಹಿಡಿಯಿರಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದ ಒಂದೇ ಉಪಕರಣ ಸರಾಸರಿಯನ್ನು ಕೆಡಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಆಕ್ಷೇಪಗಳು. ಕೊಟೇಶನ್ ಇಲ್ಲವೆಂದು ಒಮ್ಮೆ, ಕೊಟೇಶನ್‌ಗಳ ದರ ಹೋಲಿಸುವ ತುಲನಾ ಪಟ್ಟಿ ಇಲ್ಲವೆಂದು ಮತ್ತೊಮ್ಮೆ ವಾಪಸ್ ಬಂದಿದ್ದರೆ ಯಾರೂ ಕಡತವನ್ನು ಪೂರ್ತಿ ಓದಿಲ್ಲ. ಹಾಗೆಂದು ಪ್ರತಿ ವಾಪಸನ್ನೂ ದೋಷವೆನ್ನಬಾರದು. ವಿವರಣೆಯಲ್ಲಿ ಒಂದೇ ಕಂಪನಿಯ ಹೆಸರು ಬರೆದ ಬೇಡಿಕೆಯನ್ನು ತಡೆದದ್ದು ಒಳ್ಳೆಯ ಕೆಲಸ. ದಿನ ಎಣಿಸುವಾಗ ಮೊದಲ ಸಲ ಕೊಟ್ಟ ತಾರೀಖಿನಿಂದಲೇ ಎಣಿಸಿ. ಇಲ್ಲದಿದ್ದರೆ ಕಡತ ವಾಪಸ್ ಕಳಿಸಿದಾಗಲೆಲ್ಲ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ.

ದಿನಕ್ಕೆ ಹಂಗಾಮನ್ನೂ ಜೋಡಿಸಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಕಂಪ್ಯೂಟರ್ 20 ದಿನ ತಡವಾದರೆ ಗೊಣಗಾಟದಲ್ಲಿ ಮುಗಿಯಬಹುದು. ವಿಜಯಪುರದ ದ್ರಾಕ್ಷಿ ತೋಟದ ಪ್ರಯೋಗಕ್ಕೆ ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಸವರುವ ಕೆಲಸಕ್ಕೆ) ಬೇಕಾದ ರಾಸಾಯನಿಕ 20 ದಿನ ತಡವಾದರೆ ವರ್ಷವೇ ಹೋಯಿತು. ಬಾಗಲಕೋಟೆಯಂಥ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ‘ಬೇಕಿದ್ದ ದಿನ’ ಎಂಬ ಕಾಲಮ್ ಇಲ್ಲದ ತಖ್ತೆ ಅರ್ಧ ಸುಳ್ಳು.

ಕಣ್ಣಿಗೆ ಬೀಳದ ಕೆಲಸವೂ ಇದೆ. ಕೇಂದ್ರದ ಅನುದಾನಕ್ಕೆ ಬಂದ ಬ್ಯಾಂಕ್ ಬಡ್ಡಿಯನ್ನು ಹಿಂದಿರುಗಿಸಬೇಕು. ಅದನ್ನು ಖರ್ಚಿಗೆ ಸೇರಿಸಿದ್ದನ್ನು ಪ್ರಮಾಣಪತ್ರ ಹೋಗುವ ಮೊದಲೇ ಹಿಡಿದ ಗುಮಾಸ್ತರ ಟಿಪ್ಪಣಿ ಸಿಕ್ಕರೆ ಪ್ರತ್ಯೇಕ ಬರೆದುಕೊಳ್ಳಿ. ಮುಂದಿನ ಕಂತು ನಿಲ್ಲದೆ ಬಂದದ್ದು ಅವರಿಂದ.

ಆಮೇಲೆ ಆರು ಜನರೊಡನೆ ಮಾತಾಡಿ; ಇಬ್ಬರು ಹೊಸ ಸಹಾಯಕ ಪ್ರಾಧ್ಯಾಪಕರು, ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಇರಲೇಬೇಕು. ಹಳಬರಿಗೆ ಫೋನಿನಲ್ಲೇ ಕೆಲಸ ಆಗುತ್ತದೆ. ‘ತೃಪ್ತಿ ಇದೆಯೇ’ ಎನ್ನದೆ, ‘ಕೊನೆಯ ಸಲ ಎಲ್ಲಿ ಸಿಕ್ಕಿಕೊಂಡಿರಿ, ಯಾರನ್ನು ಕೇಳಿದಿರಿ’ ಎನ್ನಿ.

ವರದಿಯ ಮೊದಲ ಪುಟದಲ್ಲೇ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಹೊರಗುತ್ತಿಗೆಯವರು ಎಷ್ಟು ಎಂಬುದು ಬರಲಿ. ನಾಲ್ವರ ಕೆಲಸ ಒಬ್ಬರ ತಲೆಯ ಮೇಲಿದ್ದರೆ ಉಳಿದ ಅಂಕಿಗಳನ್ನೆಲ್ಲ ಅದರ ಪಕ್ಕದಲ್ಲಿಟ್ಟೇ ಓದಬೇಕಾಗುತ್ತದೆ.